ಯಾವ ಗಾಡಿಯ ಚಕ್ರ?

ಏಳು ಜನ ಒಂದು ಮೇಜಿನ ಸುತ್ತ ಬರಿಗಾಲಲ್ಲಿ ನಿಂತಿದ್ದಾರೆ. ಮೈಮೇಲೆ ಬಿಳಿ ಬಟ್ಟೆ, ಅದಕ್ಕೆ ಕಿತ್ತಳೆ ಬಣ್ಣದ ಪಟ್ಟಿ. ಮೇಜಿನ ಮೇಲೊಂದು ಲೋಹದ ವಸ್ತು. ನಡುವೆ ಗುಂಬದಂಥ ಭಾಗ, ಅದರಿಂದ ಸುತ್ತಲೂ ಚಾಚಿದ ತೋಳುಗಳು, ಒಟ್ಟಾರೆ ಆರು ಮೂಲೆಯ ಆಕಾರ. ಒಬ್ಬ ತೋಳು ತಂದು ಕೂರಿಸುತ್ತಾನೆ, ಇನ್ನೊಬ್ಬ ಹಿಡಿದುಕೊಳ್ಳುತ್ತಾನೆ, ಮತ್ತೊಬ್ಬ ಬಿಗಿಯುತ್ತಾನೆ. ಒಂದು ಮುಗಿಯುತ್ತಲೇ ಇನ್ನೊಂದರ ಬಿಡಿಭಾಗ ಸಿದ್ಧ. ಹನ್ನೆರಡು ಗಂಟೆಯ ಪಾಳಿ. ಇದು ಏನು, ಯಾವುದಕ್ಕೆ ಸೇರುವಂಥದ್ದು, ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಆ ಏಳು ಜನರಿಗೆ ಯಾರೂ ಹೇಳಿಲ್ಲ. 2022ರ ಅಕ್ಟೋಬರ್ 26ರಂದು ‘ಆಂಡೋರ್’ ಸರಣಿಯ ಎಂಟನೆಯ ಕಂತು ಬಂದಾಗ ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ನೋಡುಗರು. ನವೆಂಬರ್ 23ರ ಕೊನೆಯ ಕಂತಿನಲ್ಲಿ ಉತ್ತರ ಸಿಗುವವರೆಗೆ, ಸರಿಯಾಗಿ ನಾಲ್ಕು ವಾರ, ಸ್ಟಾರ್ ವಾರ್ಸ್ ಅಭಿಮಾನಿಗಳ ಲೋಕ ಆ ಆರು ಮೂಲೆಯ ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡಿತು. ಯಾವ ಗಾಡಿಯ ಚಕ್ರ ಇದು?

ಅಭಿಮಾನಿಗಳ ಊಹೆ ಎಂದರೆ ಕೆಲಸವಿಲ್ಲದವರ ಹರಟೆ ಎನ್ನುವವರಿದ್ದಾರೆ. ಬಹಳಷ್ಟು ಸಲ ಅವರ ಮಾತು ಸುಳ್ಳೂ ಅಲ್ಲ. ಆದರೆ ನಾರ್ಕೀನಾ ಫೈವ್ ಎಂಬ ಈ ಕಾಲ್ಪನಿಕ ಜೈಲಿನ ವಿಷಯದಲ್ಲಿ ಆ ಹರಟೆ ಕಥೆಯ ಹೊರಗಿನ ಗದ್ದಲವಾಗಿರಲಿಲ್ಲ, ಕಥೆಯ ಒಳಗೇ ಅದಕ್ಕೊಂದು ಜಾಗವಿತ್ತು ಎಂಬುದು ನನ್ನ ವಾದ. ಆ ಜೈಲು ಕೈದಿಗಳಿಂದ ಕಿತ್ತುಕೊಂಡದ್ದು ಅವರ ಸ್ವಾತಂತ್ರ್ಯವನ್ನಷ್ಟೇ ಅಲ್ಲ, ಊಹಿಸುವ ಅಭ್ಯಾಸವನ್ನೂ. ನೋಡುಗರು ವಾರವಾರ ಮಾಡಿದ್ದು ಅದೇ ಅಭ್ಯಾಸವನ್ನು. ಕೈದಿಗಳು ತಪ್ಪಿಸಿಕೊಳ್ಳಲು ಶುರುಮಾಡುವುದೂ ಅವರಲ್ಲೊಬ್ಬ ಆ ಅಭ್ಯಾಸಕ್ಕೆ ಮರಳಿದ ಗಳಿಗೆಯಿಂದಲೇ.

ಸರಣಿ ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. ‘ಆಂಡೋರ್’ ಸೃಷ್ಟಿಸಿದವರು ಟೋನಿ ಗಿಲ್‌ರಾಯ್. ನಾಯಕ ಕ್ಯಾಸಿಯನ್ ಆಂಡೋರ್, ಪಾತ್ರಧಾರಿ ಡಿಯೇಗೋ ಲೂನಾ. 2016ರ ‘ರೋಗ್ ಒನ್’ ಚಿತ್ರದಲ್ಲಿ ಇದೇ ಕ್ಯಾಸಿಯನ್ ಡೆತ್ ಸ್ಟಾರ್ ಎಂಬ ಗ್ರಹನಾಶಕ ಯಂತ್ರದ ನಕ್ಷೆಯನ್ನು ಬಂಡುಕೋರರಿಗೆ ತಲುಪಿಸಿ, ಅದೇ ಯಂತ್ರದ ಹೊಡೆತಕ್ಕೆ ಸಿಕ್ಕಿ ಸಾಯುತ್ತಾನೆ. ಸರಣಿ ಅದಕ್ಕೂ ಹಿಂದಿನ ಐದು ವರ್ಷಗಳ ಕಥೆ. ಮೊದಲ ಭಾಗದ ನಡುವೆ ಕ್ಯಾಸಿಯನ್, ಆ ಲೋಕವನ್ನಾಳುವ ಸಾಮ್ರಾಜ್ಯದ ಖಜಾನೆಯೊಂದನ್ನು ದೋಚುವ ತಂಡದಲ್ಲಿರುತ್ತಾನೆ. ಆ ದರೋಡೆಗೆ ಸೇಡು ತೀರಿಸಿಕೊಳ್ಳುವಂತೆ ಸಾಮ್ರಾಜ್ಯ ಎಲ್ಲ ಶಿಕ್ಷೆಗಳನ್ನೂ ಏರಿಸುತ್ತದೆ. ಮುಂದೆ ಸುಳ್ಳು ಹೆಸರಿನಲ್ಲಿ ಕಡಲತೀರದ ಊರೊಂದರಲ್ಲಿ ತಲೆಮರೆಸಿಕೊಂಡಿದ್ದ ಅವನು, ಏನೂ ಮಾಡದೆ ಸುಮ್ಮನೆ ನಡೆದು ಹೋಗುತ್ತಿದ್ದಾಗ ಸಿಕ್ಕಿಬೀಳುತ್ತಾನೆ. ಹಿಂದೆ ಆರು ತಿಂಗಳಾಗುತ್ತಿದ್ದ ಅಪರಾಧಕ್ಕೆ ಈಗ ಆರು ವರ್ಷ. ತಾನೇ ಪಾಲುಗೊಂಡ ಕೃತ್ಯದಿಂದ ಹುಟ್ಟಿದ ಕಾನೂನು ತನ್ನ ಕೊರಳಿಗೇ ಬಿತ್ತು. ಮುಂದಿನ ಮೂರು ಕಂತು ಜೈಲು. ಬರೆದವರು ಬೋ ವಿಲಿಮನ್, ನಿರ್ದೇಶಿಸಿದವರು ಟೋಬಿ ಹೇನ್ಸ್.

ಈ ಜೈಲಿನಲ್ಲಿ ಸರಳುಗಳಿಲ್ಲ. ಮಲಗುವ ಗೂಡುಗಳಿಗೆ ಬಾಗಿಲೂ ಇಲ್ಲ. ಇರುವುದು ನೆಲ. ಗುಂಡಿ ಒತ್ತಿದರೆ ನೆಲದಲ್ಲೇ ಕರೆಂಟು ಹರಿಯುತ್ತದೆ. ಕಾವಲುಗಾರರ ಕಾಲಿಗೆ ದಪ್ಪ ಅಟ್ಟೆಯ ಬೂಟು, ಕೈದಿಗಳದು ಬರಿಗಾಲು. ರಾತ್ರಿಯಿಡೀ ಓಣಿಯ ನೆಲ ಕೆಂಪಗೆ ಕಾದಿರುತ್ತದೆ. ಅದನ್ನು ದಾಟಿ ಹೋಗುವವರು ಯಾರೂ ಇಲ್ಲ. ಬದುಕು ಸಾಕೆನಿಸಿದ ಕೈದಿಯೊಬ್ಬ ಗೂಡಿನಿಂದ ಇಳಿದು ಅದರ ಮೇಲೆ ಕಾಲಿಡುತ್ತಾನೆ, ಅಷ್ಟೆ. ಹಗಲಿನಲ್ಲಿ ಮೇಜು ಮೇಜುಗಳ ನಡುವೆ ಸ್ಪರ್ಧೆ. ಎಲ್ಲರಿಗಿಂತ ಹೆಚ್ಚು ಜೋಡಿಸಿದ ಮೇಜಿನವರಿಗೆ ಗೂಡಿನ ಕೊಳವೆಯಲ್ಲಿ ಬರುವ ಆಹಾರಕ್ಕೆ ರುಚಿ ಸೇರುತ್ತದೆ, ಎಲ್ಲರಿಗಿಂತ ಹಿಂದುಳಿದವರಿಗೆ ಶಾಕ್. ಪ್ರತಿ ಗೂಡಿನಲ್ಲಿ ಒಂದು ಅಂಕಿ ಬೆಳಗುತ್ತಿರುತ್ತದೆ, ಆ ಕೈದಿಗೆ ಉಳಿದಿರುವ ಪಾಳಿಗಳ ಲೆಕ್ಕ. ಕೋಣೆಯನ್ನು ನಡೆಸುವ ಮೇಸ್ತ್ರಿ ಕೀನೋ ಲಾಯ್ ಕೂಡ ಕೈದಿಯೇ, ಪಾತ್ರಧಾರಿ ಆ್ಯಂಡಿ ಸರ್ಕಿಸ್. ಅವನಿಗೆ ಉಳಿದಿರುವುದು ಇನ್ನೂರು ಚಿಲ್ಲರೆ ಪಾಳಿ. ಆ ಸಂಖ್ಯೆಗೆ ಯಾರಿಂದಲೂ ಧಕ್ಕೆಯಾಗಬಾರದು ಎಂಬುದೇ ಅವನ ಧರ್ಮ, ರಾಜಕೀಯ ಎಲ್ಲವೂ.

ಇಂಥ ಜೈಲನ್ನು ಕಂಡ ಅಭಿಮಾನಿಗಳ ಊಹೆಗಳು ಎರಡು ದಾರಿ ಹಿಡಿದವು. ಮೊದಲನೆಯದು ವಂಶಾವಳಿಯ ದಾರಿ. ಆ್ಯಂಡಿ ಸರ್ಕಿಸ್ ಈ ಹಿಂದೆ, 2015 ಮತ್ತು 2017ರ ಸ್ಟಾರ್ ವಾರ್ಸ್ ಚಿತ್ರಗಳಲ್ಲಿ, ಸ್ನೋಕ್ ಎಂಬ ಖಳನಾಯಕನಾಗಿದ್ದರು. 2019ರ ಚಿತ್ರದಲ್ಲಿ ಸ್ನೋಕ್ ಪ್ರಯೋಗಾಲಯದಲ್ಲಿ ತಯಾರಾದ ಜೀವಿ ಎಂದು ಗೊತ್ತಾಗಿತ್ತು. ಹಾಗಿದ್ದರೆ ಸಾಮ್ರಾಜ್ಯ ಕೀನೋನ ದೇಹದಿಂದಲೇ ಮುಂದೊಮ್ಮೆ ಸ್ನೋಕ್‌ನನ್ನು ತಯಾರಿಸಿರಬಹುದಲ್ಲವೇ, ಒಬ್ಬನೇ ನಟನನ್ನು ಎರಡು ಪಾತ್ರಕ್ಕೆ ಕರೆಸಿದ್ದು ಸುಮ್ಮನೆಯೇ ಎಂದು ವಾದ ಬೆಳೆಯಿತು. ಇದು ನಮ್ಮಲ್ಲಿ ಹೊಸಬನೊಬ್ಬ ಊರಿಗೆ ಬಂದರೆ ‘ಯಾರ ಪೈಕಿ?’ ಎಂದು ಕೇಳುವ ಹಾಗೆ. ಆ ಪ್ರಶ್ನೆಗೆ ಉತ್ತರ ಸಿಕ್ಕರೂ ಆ ಮನುಷ್ಯನ ಬಗ್ಗೆ ಏನೂ ತಿಳಿದಿರುವುದಿಲ್ಲ. ಸರಣಿ ಈ ಊಹೆಯ ಕಡೆ ತಿರುಗಿಯೂ ನೋಡಲಿಲ್ಲ. ಹಾಗೆಂದು ವಂಶಾವಳಿಯ ಊಹೆ ಎಲ್ಲೆಡೆಯೂ ಪೊಳ್ಳು ಎನ್ನಲಾಗದು. ‘ಡಾಕ್ಟರ್ ಹೂ’ ಸರಣಿಯಲ್ಲಿ ಸ್ಟಾರ್ಮ್‌ಕೇಜ್ ಎಂಬ ಜೈಲಿನಲ್ಲಿದ್ದ ರಿವರ್ ಸಾಂಗ್ ಯಾರನ್ನು ಕೊಂದಳು, ಅವಳು ಯಾರು ಎಂದು 2010ರಲ್ಲಿ ತಲೆಕೆಡಿಸಿಕೊಂಡವರಿಗೆ ಮರುವರ್ಷ ಸಿಕ್ಕ ಉತ್ತರ ಸಂಬಂಧದ ಉತ್ತರವೇ ಆಗಿತ್ತು. ಅವಳು ಕಥಾನಾಯಕನ ಜತೆ ಓಡಾಡುವ ದಂಪತಿಯ ಮಗಳು. ಅಲ್ಲಿ ಕಥೆಯೇ ಸಂಬಂಧಗಳದ್ದು. ‘ಆಂಡೋರ್’ ಕಥೆ ಸಂಬಂಧಗಳದ್ದಲ್ಲ, ವ್ಯವಸ್ಥೆಯದ್ದು. ಕಥೆ ಯಾವುದರ ಮೇಲೆ ನಿಂತಿದೆ ಎಂದು ಗುರುತಿಸದೆ ಹೊರಟ ಊಹೆ ಎಷ್ಟು ಜಾಣತನದ್ದಾದರೂ ಗುರಿ ಮುಟ್ಟುವುದಿಲ್ಲ.

ಎರಡನೆಯದು ಸಾಕ್ಷ್ಯದ ದಾರಿ. ಇದನ್ನು ಹಿಡಿದವರು ಹೆಸರುಗಳನ್ನು ಬಿಟ್ಟು ವಸ್ತುವನ್ನು ನೋಡಿದರು. ಕಥೆ ನಡೆಯುವ ಕಾಲ ಗೊತ್ತಿತ್ತು, ಡೆತ್ ಸ್ಟಾರ್ ಇನ್ನೂ ಕಟ್ಟುತ್ತಿರುವ ವರ್ಷಗಳು ಅವು. ಪ್ರಮಾಣವೂ ಗೊತ್ತಿತ್ತು. ಒಂದು ಮೇಜಿಗೆ ಏಳು ಜನ, ಕೋಣೆಗೆ ಏಳು ಮೇಜು, ಅಂತಸ್ತಿಗೆ ಏಳು ಕೋಣೆ, ಒಟ್ಟು ಏಳು ಅಂತಸ್ತು. ಗುಣಿಸಿದರೆ 2401, ಹಗಲು ಪಾಳಿ ರಾತ್ರಿ ಪಾಳಿ ಎರಡೂ ಸೇರಿ 4802. ಹತ್ತನೆಯ ಕಂತಿನಲ್ಲಿ ಕೀನೋ ನಾವು ಐದು ಸಾವಿರ ಜನ ಇದ್ದೇವೆ ಎಂದು ಧ್ವನಿವರ್ಧಕದಲ್ಲಿ ಕೂಗುವಾಗ, ಬರೆದವರು ಲೆಕ್ಕ ಹಾಕಿಯೇ ಬರೆದಿದ್ದಾರೆ ಎಂಬುದು ಖಾತ್ರಿಯಾಗುತ್ತದೆ. ಅಷ್ಟು ಜನ ಹಗಲಿರುಳು ಒಂದೇ ಆಕಾರದ ವಸ್ತುವನ್ನು ಜೋಡಿಸುತ್ತಿದ್ದಾರೆ ಎಂದರೆ ಅದು ಬಿಡಿ ಯಂತ್ರವಲ್ಲ, ಸಾವಿರಾರು ಬೇಕಾಗುವ ಬಿಡಿಭಾಗ. ಅದೇ ಭಾಗ ಸಾವಿರಾರು ಸಲ ಬೇಕಾಗುವಂಥ ದೈತ್ಯ ವಸ್ತು ಆ ವರ್ಷಗಳಲ್ಲಿ ಯಾವುದಿತ್ತು? ಉತ್ತರ ತಾನಾಗಿಯೇ ಸಿಗುತ್ತದೆ. ಕೊನೆಯ ಕಂತಿನ ಹೆಸರುಪಟ್ಟಿ ಮುಗಿದ ಮೇಲೆ ಬರುವ ತುಣುಕಿನಲ್ಲಿ ಸಣ್ಣ ರೋಬೋಗಳು ಅದೇ ಆರು ಮೂಲೆಯ ತುಂಡುಗಳನ್ನು ಸಾಲಾಗಿ ಕೂರಿಸುತ್ತಿವೆ. ಕ್ಯಾಮೆರಾ ಹಿಂದೆ ಸರಿಯುತ್ತ ಹೋದಂತೆ ಕಾಣುವುದು ಡೆತ್ ಸ್ಟಾರ್‌ನ ಅರ್ಧ ಕಟ್ಟಿದ ಫಿರಂಗಿ ಬಟ್ಟಲು. ಊಹಿಸಿದವರು ಗೆದ್ದರು.

ಗೆದ್ದ ಊಹೆಗಿಂತ ಸೋತ ಊಹೆಯೊಂದು ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಆ ವಸ್ತುವಿಗೆ ಯಾವ ಉಪಯೋಗವೂ ಇಲ್ಲ, ಒಂದು ಅಂತಸ್ತಿನವರು ಜೋಡಿಸಿದ್ದನ್ನು ಇನ್ನೊಂದು ಅಂತಸ್ತಿನವರು ಬಿಚ್ಚುತ್ತಿರಬೇಕು ಎಂಬುದು ಕೆಲವರ ಊಹೆ. ಅದು ತಪ್ಪಾಯಿತು. ಆದರೆ ಅದರ ಬೇರು ನಿಜವಾದ ಜೈಲುಗಳ ಇತಿಹಾಸದಲ್ಲಿದೆ. 1818ರಲ್ಲಿ ವಿಲಿಯಂ ಕ್ಯುಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಕೈದಿಗಳು ಮೆಟ್ಟಿಲಿನಂತೆ ತುಳಿಯುತ್ತಲೇ ಇರಬೇಕಾದ ದೊಡ್ಡ ಚಕ್ರವೊಂದನ್ನು ರೂಪಿಸಿದ. ಕೆಲವು ಜೈಲುಗಳಲ್ಲಿ ಅದು ಹಿಟ್ಟು ಬೀಸಿತು, ನೀರು ಎತ್ತಿತು. ಇನ್ನು ಹಲವೆಡೆ ಬೀಸಿದ್ದು ಗಾಳಿಯನ್ನು ಮಾತ್ರ. ಅದರ ಜತೆಗೆ ಕೋಣೆಯೊಳಗೆ ಒಬ್ಬೊಬ್ಬನೇ ತಿರುವಬೇಕಾದ ಹಿಡಿಕೆಯೂ ಬಂತು. ಪೆಟ್ಟಿಗೆಯೊಳಗೆ ಮರಳನ್ನು ಕದಡುವುದು ಬಿಟ್ಟರೆ ಅದರಿಂದ ಏನೂ ಆಗುತ್ತಿರಲಿಲ್ಲ. ಕೆಲಸ ವ್ಯರ್ಥವಾಗಿರುವುದೇ ಶಿಕ್ಷೆ ಎಂಬುದು ಅದರ ಹಿಂದಿನ ತತ್ವ. ಸೈಬೀರಿಯಾದ ಸೆರೆಯಲ್ಲಿ ನಾಲ್ಕು ವರ್ಷ ಕಳೆದು ಬಂದ ದಾಸ್ತೋವ್‌ಸ್ಕಿ ಕೂಡ, ಮನುಷ್ಯನನ್ನು ಪೂರ್ತಿ ನಾಶಮಾಡಬೇಕೆಂದರೆ ಅರ್ಥವೇ ಇಲ್ಲದ ಕೆಲಸ ಕೊಟ್ಟರೆ ಸಾಕು ಎಂಬ ವಿಚಾರವನ್ನು ತನ್ನ ಜೈಲುಕಥನದಲ್ಲಿ ಮುಂದಿಟ್ಟ. ಸೋತ ಊಹೆ ಈ ಪರಂಪರೆಯದು. ಅದನ್ನು ಕೈಯಲ್ಲಿ ಹಿಡಿದುಕೊಂಡು ಸರಣಿಯ ಉತ್ತರವನ್ನು ನೋಡಿದಾಗಲೇ ಆ ಉತ್ತರದ ಕ್ರೌರ್ಯ ತಿಳಿಯುವುದು. ಅವರ ಕೆಲಸ ವ್ಯರ್ಥವಾಗಿದ್ದರೆ ಎಷ್ಟೋ ವಾಸಿಯಿತ್ತು. ಪ್ರತಿ ಪಾಳಿಯೂ ಒಂದು ಗ್ರಹವನ್ನು ಸುಡುವ ಯಂತ್ರಕ್ಕೆ ಸಂದಾಯವಾಗುತ್ತಿತ್ತು. ಸರಿಯಾದ ಊಹೆ ಮಾಡಿದವರಿಗೆ ಉತ್ತರ ಸಿಕ್ಕಿತು, ತಪ್ಪು ಊಹೆ ಮಾಡಿದವರಿಗೆ ಆ ಉತ್ತರದ ತೂಕ ಸಿಕ್ಕಿತು ಎಂದರೆ ಅತಿಶಯೋಕ್ತಿಯಲ್ಲ.

ನೆಲದ ಕರೆಂಟಿನ ಬಗ್ಗೆ ನಡೆದ ಜಗಳವೂ ಇದೇ ಜಾತಿಯದು. ಮೇಲ್ನೋಟಕ್ಕೆ ಇದು ತೀರಾ ಬಾಲಿಶ. ಕಥೆಯಲ್ಲಿ ಗ್ರಹದಿಂದ ಗ್ರಹಕ್ಕೆ ಹಾರುವವರನ್ನು ಪ್ರಶ್ನಿಸದವರು ನೆಲದ ಶಾಕನ್ನು ಯಾಕೆ ಪ್ರಶ್ನಿಸಬೇಕು? ಆದರೂ ಪ್ರಶ್ನೆ ಚೆನ್ನಾಗಿದೆ. ಎರಡು ಕಾಲೂ ಒಂದೇ ಲೋಹದ ಹಾಸಿನ ಮೇಲಿದ್ದರೆ ಮೈಯೊಳಗೆ ಕರೆಂಟು ಏಕೆ ಹರಿಯಬೇಕು? ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗುವುದಿಲ್ಲವಲ್ಲ. ಕರೆಂಟು ಹರಿಯಲು ಎರಡು ಕಾಲುಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಬೇಕು. ಮರದ ಕೆಳಗೆ ನಿಂತ ಹಸುಗಳು ಸಿಡಿಲಿಗೆ ಹೆಚ್ಚು ಬಲಿಯಾಗುವುದು ಇದೇ ಕಾರಣಕ್ಕೆ. ನೆಲದಲ್ಲಿ ಹರಡುವ ಕರೆಂಟಿನ ಒತ್ತಡ ಅವುಗಳ ಮುಂಗಾಲಿನ ಬಳಿ ಒಂದು, ಹಿಂಗಾಲಿನ ಬಳಿ ಇನ್ನೊಂದು. ಹಾಗಾದರೆ ನಾರ್ಕೀನಾದ ನೆಲ ಒಂದೇ ಹಾಸಲ್ಲ, ಅಕ್ಕಪಕ್ಕದಲ್ಲಿ ಬೇರೆ ಬೇರೆ ಒತ್ತಡದ ಪಟ್ಟಿಗಳಿರಬೇಕು. ಇದನ್ನು ಒಪ್ಪಿದರೆ ಮುಂದಿನದು ಸುಲಭ. ಕ್ಯಾಸಿಯನ್ ದಿನವೂ ಗುಟ್ಟಾಗಿ ನೀರಿನ ಕೊಳವೆಯನ್ನು ಗರಗಸದಂತೆ ಕೊಯ್ಯುತ್ತಿದ್ದುದನ್ನು ಕಂಡವರು, ಕೋಣೆಗೆ ನೀರು ನುಗ್ಗಿಸುವ ಉಪಾಯ ಇರಬೇಕೆಂದು ಒಂಬತ್ತನೆಯ ಕಂತಿಗೇ ಹೇಳಿದ್ದರು. ಹತ್ತನೆಯದರಲ್ಲಿ ಹಾಗೆಯೇ ಆಯಿತು. ನೀರು ಹರಡಿತು, ನೆಲ ಶಾರ್ಟ್ ಆಗಿ ಕೈಕೊಟ್ಟಿತು. ಮಳೆಗಾಲದಲ್ಲಿ ಮನೆಯ ಫ್ಯೂಸ್ ಹಾರಿಹೋಗುವುದನ್ನು ಕಂಡವರಿಗೆ ಅರ್ಥವಾಗುವ ತರ್ಕ ಇದು. ನೀರಿದ್ದರೆ ಶಾಕ್ ಇನ್ನೂ ಜೋರಾಗಬೇಕಿತ್ತು ಎಂದು ಪಟ್ಟು ಹಿಡಿದವರೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಇಲ್ಲಿ ಯಾರು ಸರಿ ಎಂಬುದಕ್ಕಿಂತ, ಜೈಲಿನ ಯಂತ್ರ ಹೇಗೆ ನಡೆಯುತ್ತದೆ, ಅದರ ದುರ್ಬಲ ಜಾಗ ಎಲ್ಲಿ ಎಂದು ಹುಡುಕಲು ನೋಡುಗ ಕಲಿತದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಕ್ಯಾಸಿಯನ್ ಕೂಡ ಮೊದಲ ದಿನದಿಂದ ಅದನ್ನೇ ಹುಡುಕುತ್ತಿದ್ದ.

ಇಲ್ಲಿ ನನ್ನ ವಾದದ ನಡುಗಂಬಕ್ಕೆ ಬರುತ್ತೇನೆ. ನಾರ್ಕೀನಾದಲ್ಲಿ ಎರಡು ಬಗೆಯ ಲೆಕ್ಕಗಳಿವೆ. ಒಂದು, ಗೂಡಿನಲ್ಲಿ ಬೆಳಗುವ ಅಂಕಿ. ದಿನಕ್ಕೊಂದರಂತೆ ಇಳಿಯುವ ಈ ಅಂಕಿಯೇ ಕೈದಿಯನ್ನು ಕಟ್ಟಿಹಾಕುವ ನಿಜವಾದ ಸರಪಳಿ. ಅದು ಇರುವವರೆಗೂ ಕೀನೋನಂಥವನು ಸಾಮ್ರಾಜ್ಯದ ಕೆಲಸವನ್ನು ಸಾಮ್ರಾಜ್ಯಕ್ಕಿಂತ ಚೆನ್ನಾಗಿ ಮಾಡಿಸುತ್ತಾನೆ. ಇನ್ನೊಂದು, ಕ್ಯಾಸಿಯನ್ ಕೇಳುವ ಲೆಕ್ಕ. ಪ್ರತಿ ಅಂತಸ್ತಿನಲ್ಲಿ ಎಷ್ಟು ಕಾವಲುಗಾರರಿದ್ದಾರೆ? ಅವನು ಮತ್ತೆ ಮತ್ತೆ ಕೇಳುತ್ತಾನೆ, ಕೀನೋ ಬಾಯಿ ಬಿಡುವುದಿಲ್ಲ. ಗೊತ್ತಿಲ್ಲವೆಂದಲ್ಲ. ಗೊತ್ತಿರುವುದನ್ನು ಬಾಯಲ್ಲಿ ಆಡಿದರೆ ಊಹೆ ಶುರುವಾಗುತ್ತದೆ, ಊಹೆ ಶುರುವಾದರೆ ಇನ್ನೂರು ಚಿಲ್ಲರೆ ಎಂಬ ಆ ಸಂಖ್ಯೆ ಅಲುಗಾಡುತ್ತದೆ. ಅತ್ತ ಗಾಜಿನ ಸೇತುವೆಗಳ ಮೇಲೆ ಪಾಳಿ ಬದಲಾಗುವಾಗ ಕೈದಿಗಳು ಕೈಸನ್ನೆಯಲ್ಲಿ ಸುದ್ದಿ ದಾಟಿಸುತ್ತಾರೆ. ಎರಡನೇ ಅಂತಸ್ತಿನಲ್ಲಿ ಏನೋ ಆಗಿದೆ. ಏನು? ಬೆರಳುಗಳ ನಡುವೆ ಬಂದದ್ದು ಅರ್ಧ, ಉಳಿದರ್ಧ ಕಲ್ಪನೆ. ಕೀನೋ ಅದನ್ನು ಗಾಳಿಸುದ್ದಿ ಎಂದು ತಳ್ಳಿಹಾಕುತ್ತಾನೆ. ಕೊನೆಗೆ ಕೆಲವೇ ಪಾಳಿ ಉಳಿದಿದ್ದ ಮುದುಕನೊಬ್ಬ ಕುಸಿದು ಬಿದ್ದಾಗ ಅವನನ್ನು ನೋಡಲು ಬಂದ ಕೈದಿ ವೈದ್ಯ ಸತ್ಯ ಹೇಳುತ್ತಾನೆ. ನಾಲ್ಕನೇ ಅಂತಸ್ತಿನಿಂದ ಬಿಡುಗಡೆಯಾದವನನ್ನು ಮರುದಿನ ತಪ್ಪಾಗಿ ಎರಡನೇ ಅಂತಸ್ತಿಗೆ ತಂದು ಹಾಕಿದ್ದರು. ಯಾರೂ ಬಿಡುಗಡೆಯಾಗುತ್ತಿಲ್ಲ ಎಂದು ಅಲ್ಲಿದ್ದವರಿಗೆ ತಿಳಿದುಹೋಯಿತು. ಆ ನೂರು ಜನರನ್ನೂ ಸುಟ್ಟರು. ವೈದ್ಯನ ಬಳಿಯಿಂದ ಹೊರಬಂದ ಕೀನೋಗೆ ಕ್ಯಾಸಿಯನ್ ಅದೇ ಪ್ರಶ್ನೆ ಹಾಕುತ್ತಾನೆ. ಈ ಸಲ ಉತ್ತರ ಬರುತ್ತದೆ, ಹನ್ನೆರಡಕ್ಕಿಂತ ಹೆಚ್ಚು ಎಂದೂ ಇಲ್ಲ. ಒಂಬತ್ತನೆಯ ಕಂತು ಅಲ್ಲಿಗೆ ಮುಗಿಯುತ್ತದೆ. ಅದರ ಹೆಸರಿನ ಅರ್ಥ, ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು.

ಆ ಹೆಸರಿಗೂ ಒಂದು ಹಿನ್ನೆಲೆ ಇದೆ. 1791ರಲ್ಲಿ ಜೆರೆಮಿ ಬೆಂಥಮ್ ಪ್ರಕಟಿಸಿದ ಪ್ಯಾನಾಪ್ಟಿಕಾನ್ ಜೈಲಿನ ಯೋಜನೆಯಲ್ಲಿ ನಡುವೆ ಒಂದು ಕಾವಲುಗೋಪುರ, ಸುತ್ತ ವೃತ್ತಾಕಾರದಲ್ಲಿ ಕೋಣೆಗಳು. ಗೋಪುರದಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಕೈದಿಗೆ ತಿಳಿಯುವುದಿಲ್ಲವಾದ್ದರಿಂದ ಸದಾ ಇದ್ದಾರೆಂದೇ ನಡೆದುಕೊಳ್ಳುತ್ತಾನೆ. ನಾರ್ಕೀನಾದ ಕೈದಿಗಳೂ ಹಾಗೇ ನಂಬಿದ್ದರು. ಕ್ಯಾಸಿಯನ್ ಮಾಡಿದ ಊಹೆ ಆ ಗೋಪುರದೊಳಗೆ ಇಣುಕಿ ನೋಡಿದಂತೆ. ಕದ್ದು ಕೇಳುವ ತೊಂದರೆಯನ್ನು ಅವರು ಏಕೆ ತೆಗೆದುಕೊಳ್ಳಬೇಕು, ನೆಲವೇ ಎಲ್ಲವನ್ನೂ ನೋಡಿಕೊಳ್ಳುವಾಗ? ತಾನು ಯಾರಿಗೂ ಲೆಕ್ಕಕ್ಕಿಲ್ಲ ಎಂಬುದನ್ನು ಅವಮಾನವೆಂದು ನುಂಗಿಕೊಳ್ಳದೆ ಅವಕಾಶವೆಂದು ಕಂಡದ್ದು ಅವನ ಜಾಣತನ.

ಇನ್ನು ಆಕ್ಷೇಪಗಳು. ಮುಂಚೆಯೇ ಊಹಿಸಿಬಿಟ್ಟರೆ ಕಥೆಯ ಸ್ವಾರಸ್ಯ ಹೋಗುತ್ತದೆ ಎಂಬುದು ಎಲ್ಲರ ಬಾಯಲ್ಲಿರುವ ದೂರು. ಅದಕ್ಕೆ ಒಳ್ಳೆಯ ಉದಾಹರಣೆಯೂ ಉಂಟು. 2016ರ ‘ವೆಸ್ಟ್‌ವರ್ಲ್ಡ್’ ಸರಣಿಯಲ್ಲಿ ಕಪ್ಪು ಬಟ್ಟೆಯ ಮುದುಕನೂ ಸೌಮ್ಯ ತರುಣನೂ ಮೂವತ್ತು ವರ್ಷ ಆಚೀಚೆಯ ಒಬ್ಬನೇ ಮನುಷ್ಯ ಎಂದು ನೋಡುಗರು ವಾರಗಟ್ಟಲೆ ಮುಂಚೆಯೇ ಕಂಡುಹಿಡಿದರು. ಕೊನೆಯ ಕಂತಿನ ಗುಟ್ಟು ಗುಟ್ಟಾಗಿ ಉಳಿದಿರಲಿಲ್ಲ. ಆದರೆ ಇಲ್ಲಿ ದೋಷ ಊಹಿಸಿದವರದ್ದೇ? ಗುಟ್ಟೊಂದನ್ನೇ ನೆಚ್ಚಿ ನಿಂತ ಕಥೆ ಗುಟ್ಟು ಒಡೆದರೆ ಬಡವಾಗುತ್ತದೆ. ತಾಳಮದ್ದಳೆಗೆ ಹೋಗಿ ಕೂತವರಲ್ಲಿ ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದವರು ಯಾರು? ಬೆಳಗಿನ ಜಾವದವರೆಗೆ ಕಣ್ಣುಬಿಟ್ಟು ಕೂರುವುದು ಅರ್ಥಧಾರಿ ಆ ಸಾವಿಗೆ ಯಾವ ತರ್ಕ ಕಟ್ಟುತ್ತಾನೆಂದು ನೋಡಲು. ಕ್ಯಾಸಿಯನ್ ಜೈಲಿನಲ್ಲಿ ಸಾಯುವುದಿಲ್ಲ ಎಂದು ‘ರೋಗ್ ಒನ್’ ನೋಡಿದ ಎಲ್ಲರಿಗೂ ಗೊತ್ತಿತ್ತು. ಅದೇ ಮೇಜಿನಲ್ಲಿದ್ದ ಮೆಲ್ಶಿಯೂ ಆ ಚಿತ್ರದಲ್ಲಿದ್ದಾನೆ, ಆದ್ದರಿಂದ ಅವನೂ ಬದುಕುತ್ತಾನೆ. ಇಷ್ಟು ತಿಳಿದೂ ಹತ್ತನೆಯ ಕಂತು ಉಸಿರು ಬಿಗಿಹಿಡಿಸುತ್ತದೆ, ಏಕೆಂದರೆ ಅಲ್ಲಿ ಪ್ರಶ್ನೆ ಯಾರು ಉಳಿಯುತ್ತಾರೆ ಎಂಬುದಲ್ಲ, ಸಂಖ್ಯೆಗೆ ಜೋತುಬಿದ್ದವನು ಅದನ್ನು ಹೇಗೆ ಬಿಡುತ್ತಾನೆ ಎಂಬುದು. ವಾರಕ್ಕೊಂದು ಕಂತು ಬಂದದ್ದೂ ಇದಕ್ಕೆ ನೆರವಾಯಿತು. ವಾರಪತ್ರಿಕೆಯ ಧಾರಾವಾಹಿಗೆ ಕಾದು ಓದಿದ ಪೀಳಿಗೆಗೆ ಈ ನಡುವಿನ ಏಳು ದಿನದ ಬೆಲೆ ಹೇಳಿಕೊಡಬೇಕಿಲ್ಲ. 2025ರ ಏಪ್ರಿಲ್ 22ರಿಂದ ಮೇ 13ರವರೆಗೆ ಬಂದ ಎರಡನೆಯ ಭಾಗವನ್ನು ವಾರಕ್ಕೆ ಮೂರು ಕಂತಿನಂತೆ ಬಿಟ್ಟರು. ಊಹೆಗೆ ಬಿಡುವೇ ಸಿಗಲಿಲ್ಲ. ಸರಣಿಗೆ ಅದರಿಂದ ಸ್ವಲ್ಪ ನಷ್ಟವೇ ಆಯಿತು ಎನ್ನುತ್ತೇನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಆರು ಮೂಲೆಯ ವಸ್ತು ಡೆತ್ ಸ್ಟಾರ್‌ನ ಭಾಗವೆಂದು ತೋರಿಸಿದ್ದರಿಂದ, ಯಾವ ಕಾಲದ ಯಾವ ಜೈಲಿಗೂ ಹೊಂದುವಂತಿದ್ದ ಕಥೆ ಮತ್ತೆ ಅದೇ ಹಳೆಯ ಬ್ರ್ಯಾಂಡಿನ ಗೂಟಕ್ಕೆ ಬಂದು ಕಟ್ಟಿಕೊಂಡಿತು ಎಂಬುದು. ಅಮೆರಿಕದಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ 1865ರ ಹದಿಮೂರನೆಯ ತಿದ್ದುಪಡಿ, ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಿಕೊಳ್ಳುವುದನ್ನು ಮಾತ್ರ ಹೊರಗಿಟ್ಟಿತು. ಆ ಕಿಂಡಿಯಿಂದ ಕೈದಿಗಳನ್ನು ತೋಟಗಳಿಗೆ, ಗಣಿಗಳಿಗೆ ಗುತ್ತಿಗೆ ಕೊಡುವ ಪದ್ಧತಿಯೇ ಬೆಳೆಯಿತು. ನಾರ್ಕೀನಾದಲ್ಲಿ ಅಮೆರಿಕದ ನೋಡುಗರು ತಮ್ಮ ಈ ಚರಿತ್ರೆಯನ್ನೇ ಕಂಡಿದ್ದರು. ಇಂಥದ್ದನ್ನು ಬಿಟ್ಟು ‘ಬಿಡಿಭಾಗ ಯಾವುದು ಪತ್ತೆಹಚ್ಚಿ’ ಎಂಬ ಆಟ ಆಡುವುದು ಅಸಭ್ಯವಲ್ಲವೇ? ಈ ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ಹೆಸರುಪಟ್ಟಿಯ ನಂತರದ ಆ ತುಣುಕಿಲ್ಲದಿದ್ದರೂ ಕಥೆ ಪೂರ್ಣವಾಗಿಯೇ ಇತ್ತು. ಇನ್ನರ್ಧವನ್ನು ಒಪ್ಪಲಾರೆ. ಗುತ್ತಿಗೆ ಪಡೆದ ಗಣಿಯ ಕಲ್ಲಿದ್ದಲು ಯಾರ ಕುಲುಮೆಗೆ ಹೋಯಿತು ಎಂದು ಕೇಳುವುದು ಆಟವಲ್ಲ, ಅದೇ ಆ ಚರಿತ್ರೆಯ ಮೊದಲ ಪ್ರಶ್ನೆ. ವಸ್ತು ಎಲ್ಲಿಗೆ ಹೋಗುತ್ತದೆ ಎಂದು ಕೇಳದೆ ಕೈದಿಯ ದುಡಿಮೆಯ ಬಗ್ಗೆ ಕಣ್ಣೀರು ಹಾಕುವುದೇ ಹೆಚ್ಚು ಸುಲಭ. ತನ್ನನ್ನು ಕೊಲ್ಲಲಿರುವ ಯಂತ್ರವನ್ನು ಕ್ಯಾಸಿಯನ್ ತನ್ನ ಕೈಯಾರೆ ಜೋಡಿಸಿದ್ದ ಎಂಬುದನ್ನು ಸರಣಿ ಅವನಿಗೆ ಎಲ್ಲೂ ಹೇಳುವುದಿಲ್ಲ. ಅದು ಗೊತ್ತಿರುವುದು ನೋಡುಗನೊಬ್ಬನಿಗೆ.

ಊಹೆಯ ಆಟ ಕೆಟ್ಟದಾಗಿ ಮುಗಿದ ನಿದರ್ಶನವನ್ನೂ ಮುಚ್ಚಿಡಬಾರದು. 1967–68ರಲ್ಲಿ ಬ್ರಿಟನ್ನಿನಲ್ಲಿ ಪ್ರಸಾರವಾದ ‘ದಿ ಪ್ರಿಸನರ್’ 17 ಕಂತುಗಳ ಸರಣಿ. ರಾಜೀನಾಮೆ ಕೊಟ್ಟ ಗೂಢಚಾರನೊಬ್ಬನನ್ನು ಚೆಂದದ ಹಳ್ಳಿಯೊಂದರಲ್ಲಿ ಸೆರೆಯಿಡುತ್ತಾರೆ. ಚಿತ್ರೀಕರಣ ನಡೆದದ್ದು ವೇಲ್ಸ್‌ನ ಪೋರ್ಟ್‌ಮೇರಿಯನ್ ಎಂಬ ನಿಜವಾದ ಹಳ್ಳಿಯಲ್ಲಿ. ಅಲ್ಲಿ ಯಾರಿಗೂ ಹೆಸರಿಲ್ಲ, ಅವನು ಆರನೇ ನಂಬರ್. ನಾಡಿನ ತುಂಬ ಒಂದೇ ಪ್ರಶ್ನೆ, ಒಂದನೇ ನಂಬರ್ ಯಾರು? ಬಹುತೇಕ ವಾರಗಳಲ್ಲಿ ಶೀರ್ಷಿಕೆಯಲ್ಲಿ ಅವನೇ ಇದನ್ನು ಕೇಳುತ್ತಾನೆ, ನೀನು ಆರನೇ ನಂಬರ್ ಎಂಬ ಉತ್ತರ ಬರುತ್ತದೆ. ಇಂಗ್ಲಿಷಿನಲ್ಲಿ ಆ ಉತ್ತರದ ನಡುವೆ ಒಂದು ಅಲ್ಪವಿರಾಮ ಹಾಕಿದರೆ ‘ನೀನೇ ಕಣಯ್ಯಾ, ಆರನೇ ನಂಬರೇ’ ಎಂದಾಗುತ್ತದೆ ಎಂದು ಅಭಿಮಾನಿಗಳು ತೋರಿಸಿದರು. (ಕನ್ನಡದಲ್ಲಾಗಿದ್ದರೆ ಒಂದು ಏಕಾರ ಮೊದಲೇ ಗುಟ್ಟು ಬಿಟ್ಟುಕೊಡುತ್ತಿತ್ತು.) ಕೊನೆಯ ಕಂತಿನಲ್ಲಿ ಒಂದನೇ ನಂಬರಿನ ಮುಖವಾಡ ಕಿತ್ತರೆ ಕಪಿಯ ಮುಖ, ಅದನ್ನೂ ಕಿತ್ತರೆ ನಾಯಕನದೇ ಮುಖ. ನೋಡುಗರು ಕೆರಳಿದರು. ಅವರು ಕೆರಳಿದ್ದರಲ್ಲಿ ನ್ಯಾಯವಿತ್ತು. ಅಷ್ಟು ವಾರ ಸರಣಿ ಅವರಿಗೆ ಸಾಕ್ಷ್ಯ ಕೊಡುತ್ತಿರುವಂತೆ ನಟಿಸಿ ಕೊನೆಗೆ ರೂಪಕ ಕೊಟ್ಟಿತ್ತು. ‘ಆಂಡೋರ್’ ಹಾಗೆ ಮಾಡಲಿಲ್ಲ. ಮೂರು ಕಂತು ಮೇಜಿನ ಮೇಲಿಟ್ಟು ತೋರಿಸಿದ ವಸ್ತುವನ್ನೇ ಕೊನೆಗೂ ತೋರಿಸಿತು, ಆಕಾರ ಬದಲಿಸದೆ.

ಇಷ್ಟೆಲ್ಲ ಆದ ಮೇಲೂ ಒಂದು ಊಹೆ ಬಾಕಿ ಉಳಿದಿದೆ, ಕೀನೋನದು. ನಿಯಂತ್ರಣ ಕೊಠಡಿಗೆ ನುಗ್ಗಿ, ಅಲ್ಲಿದ್ದವರಿಂದಲೇ ಜಲವಿದ್ಯುತ್ತನ್ನು ನಿಲ್ಲಿಸಿ, ಐದು ಸಾವಿರ ಜನರನ್ನು ಮೇಲಕ್ಕೆ ಕರೆದ ಮೇಸ್ತ್ರಿ ಕೊನೆಗೆ ಕಟ್ಟಡದ ಅಂಚಿನಲ್ಲಿ ನಿಂತುಬಿಡುತ್ತಾನೆ. ಜೈಲು ಇರುವುದು ನೀರಿನ ನಡುವೆ. ಸುತ್ತಲಿನವರು ಧುಮುಕುತ್ತಿದ್ದಾರೆ. ಏನಾಯಿತು ಎಂದು ಕ್ಯಾಸಿಯನ್ ಕೇಳಿದಾಗ, ತನಗೆ ಈಜು ಬರುವುದಿಲ್ಲ ಎನ್ನುತ್ತಾನೆ. ಕ್ಯಾಸಿಯನ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ನುಗ್ಗಿದ ಜನ ಅವನನ್ನು ನೀರಿಗೆ ತಳ್ಳಿಬಿಡುತ್ತಾರೆ. ಅಷ್ಟು ಜನರಲ್ಲಿ ಈಜುವವನೊಬ್ಬ ಕೀನೋನನ್ನು ಹೊತ್ತೊಯ್ದಿರಬಹುದು, ಮತ್ತೆ ಸೆರೆ ಸಿಕ್ಕಿರಬಹುದು, ಎರಡನೆಯ ಭಾಗದಲ್ಲಿ ಬಂದೇ ಬರುತ್ತಾನೆ ಎಂದು ಎರಡೂವರೆ ವರ್ಷ ವಾದ ನಡೆಯಿತು. ಎರಡನೆಯ ಭಾಗದ ಹನ್ನೆರಡು ಕಂತಿನಲ್ಲಿ ಅವನು ಕಾಣಿಸಲೇ ಇಲ್ಲ. ಇದು ಸಾಕ್ಷ್ಯವೇ ಇಲ್ಲದ ಊಹೆ, ನಾನು ಮೇಲೆ ಹೊಗಳಿದ ಜಾತಿಯದ್ದಲ್ಲ. ಹಾಗಾಗಿ ಅವನು ಬದುಕಿದನೆಂದು ವಾದಿಸುವವರ ಪರವಾಗಿ ನನ್ನಲ್ಲಿ ತರ್ಕವೇನೂ ಇಲ್ಲ. ಸಾಕ್ಷ್ಯದಿಂದ ಹೇಳಬಹುದಾದದ್ದು ಇಷ್ಟೆ. ಅವನು ಅಂಚಿನಲ್ಲಿ ನಿಂತಿದ್ದಾಗ ಜೈಲಿನ ವಿದ್ಯುತ್ತು ನಿಂತಿತ್ತು. ಕೆಳಗೆ ಐದನೇ ಅಂತಸ್ತಿನಲ್ಲಿ, ಅವನ ಗೂಡಿನ ಗೋಡೆಯ ಮೇಲಿನ ಅಂಕಿಯೂ ಆರಿರಬೇಕು.